ಬಸ್ ಏಜೆಂಟರ ಮಗಳ ಸೈಕಲ್ ಸೀಟು

ನಾನು ಗೆದ್ದ ವಾದಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ನಮ್ಮ ಅಡುಗೆಮನೆಯಲ್ಲಿ, ಅಪ್ಪನ ಎದುರು ಗೆದ್ದದ್ದು. ವಿಷಯ ಇಷ್ಟೆ: ಮಗಳು ಕೆಲಸಕ್ಕೆ ಬಸ್ಸಿನಲ್ಲಿ ಹೋಗಬೇಕೋ, ಸೈಕಲ್ಲಿನಲ್ಲಿ ಹೋಗಬೇಕೋ.

ಎದುರಾಳಿ ಸಾಮಾನ್ಯರಲ್ಲ. ಅಪ್ಪ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ಬೆಳಿಗ್ಗೆ ಆರು ಗಂಟೆಗೆ ಹೋಗಿ ತಗಡಿನ ಮಾಡಿನ ಕೆಳಗೆ, ಮೇಜಿನ ಹಿಂದೆ, ಕೆಂಪು ಟವೆಲ್ ಹಾಸಿದ ಒಂದು ಸ್ಟೂಲಿನ ಮೇಲೆ ಕೂರುವರು. ಬಸ್ಸು ಬಂದಾಗ ಎದ್ದು ಊರಿನ ಹೆಸರು ಮೂರು ಸಲ ಕೂಗಿ, ಜನ ಹತ್ತಿಸಿ, ಪಾರ್ಸೆಲ್ ಇಳಿಸಿಕೊಂಡು, ಮತ್ತೆ ಬಂದು ಕೂರುವರು. ಬೇರೆ ಏಜೆಂಟರು ತಮ್ಮ ಬಸ್ಸಿಗೆ ಜನ ತುಂಬಲಿಕ್ಕೆ, ನಿಂತಿರುವ ಇನ್ನೊಂದು ಬಸ್ಸನ್ನು "ಅದು ಈಗ ಹೋಗಲ್ಲ" ಎನ್ನುವುದುಂಟು. ಅಪ್ಪನ ಬಾಯಲ್ಲಿ ಅಂಥ ಮಾತು ಬಂದದ್ದಿಲ್ಲ. ಇರುವ ಬಸ್ಸನ್ನು ಹೋಯ್ತು ಅನ್ನುವುದು, ಹೋದ ಬಸ್ಸನ್ನು ಇದೆ ಅನ್ನುವುದು ಅವರ ಪಾಲಿಗೆ ಕಳ್ಳತನ. ಇಂಥವರ ಮಗಳು ಸೈಕಲ್ ಹೊಡೆದುಕೊಂಡು ಹೋಗುತ್ತೇನೆಂದರೆ ಅದು ಪ್ರಯಾಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನನಗೆ ಆಗಷ್ಟೇ ಡಿಗ್ರಿ ಮುಗಿದಿತ್ತು. ಕಾಲೇಜಿನ ಮೂರು ವರ್ಷವನ್ನೂ ಚರ್ಚಾಸ್ಪರ್ಧೆಗಳಲ್ಲಿ ಕಳೆದಿದ್ದರಿಂದ ನನಗೆ ಗೊತ್ತಿದ್ದ ಕಸುಬು ಒಂದೇ: ಎದುರಿನವರು ಹೇಳಿದ್ದು ಯಾಕೆ ತಪ್ಪು ಎಂದು ನಾಲ್ಕು ನಿಮಿಷದಲ್ಲಿ ಹೇಳುವುದು. ಪುಣ್ಯಕ್ಕೆ ಅದನ್ನೇ ಕೊಳ್ಳುವವರೂ ಸಿಕ್ಕಿದರು. ಹಳ್ಳಿ ಹೈಸ್ಕೂಲಿನ ಮಕ್ಕಳಿಗೆ ಸಭೆಯಲ್ಲಿ ಎದ್ದು ಮಾತಾಡುವುದನ್ನು ಕಲಿಸಲು ಒಂದು ಟ್ರಸ್ಟಿನವರು ನನ್ನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರು. ಸೋಮವಾರ ಬಸರೀಕಟ್ಟೆ, ಬುಧವಾರ ಮುತ್ತಿನಕೊಪ್ಪ, ಶುಕ್ರವಾರ ಶೃಂಗೇರಿ ದಾಟಿ ಸಿರಿಮನೆ ಕಡೆಯ ಒಂದು ಶಾಲೆ. ಪಾಠದ ಪೀರಿಯಡ್ ಬಿಟ್ಟುಕೊಡಲು ಯಾವ ಮೇಷ್ಟರೂ ಒಪ್ಪದ ಕಾರಣ ನನ್ನ ತರಗತಿ ಸಂಜೆ ಶಾಲೆ ಬಿಟ್ಟ ಮೇಲೆ. ಅದು ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ನನಗಿಂತ ಮೊದಲು ಬಂದಿದ್ದವರು ಇದೇ ಕಾರಣಕ್ಕೆ ಎರಡು ತಿಂಗಳಿಗೆ ಬಿಟ್ಟು ಹೋಗಿದ್ದರು.

ಕೆಲಸ ಬಿಟ್ಟರೆ ನನಗಾಗಿ ಕಾದಿದ್ದದ್ದು ಬುಕಿಂಗ್ ಕೌಂಟರು. ಅಪ್ಪನ ಮೇಜಿನ ಪಕ್ಕದಲ್ಲೇ ಹಲಗೆಯ ಗೂಡು. ಒಂದು ಕುರ್ಚಿ, ಒಂದು ಫೋನು, ಎದುರಿಗೆ ಕಬ್ಬಿಣದ ಜಾಲರಿ, ಜಾಲರಿಯಲ್ಲಿ ಕೈ ಹಿಡಿಸುವಷ್ಟು ತೂತು. ನನ್ನನ್ನು ಅದರೊಳಗೆ ಕೂರಿಸುವುದಕ್ಕೆ ಅಪ್ಪ ಮಾಲೀಕರ ಹತ್ತಿರ ಮಾತಾಡಿಯೂ ಆಗಿತ್ತು.

ಶಿವಮೊಗ್ಗದ ಚಿಕ್ಕಪ್ಪನ ಮಗ ಆಸೆಪಟ್ಟು ಕೊಂಡು ಮೂಲೆಗೆ ಹಾಕಿದ್ದ ಒಂದು ಗೇರ್ ಸೈಕಲ್ ಇತ್ತು. ದಪ್ಪ ಟಯರಿನ, ಗುಡ್ಡ ಹತ್ತುವ ಜಾತಿಯದು. ಅದನ್ನು ಕೇಳಿ ತರಿಸಿಕೊಳ್ಳುತ್ತೇನೆ ಎಂದ ದಿನ ಅಡುಗೆಮನೆಯಲ್ಲಿ ಚರ್ಚೆ ನಡೆಯಿತು.

"ಏಜೆಂಟನ ಮಗಳು ಸೈಕಲ್ ತುಳ್ಕಂಡು ಹೋದ್ರೆ ಜನ ಎಂತ ಹೇಳ್ತಾರೆ?" ಅಂದರು ಅಪ್ಪ.

"ಜನ ಹೇಳೋದು ವಾದ ಅಲ್ಲ ಅಪ್ಪ. ಬಸರೀಕಟ್ಟೆಯಿಂದ ಐದೂವರೆ ಮೇಲೆ ಬಸ್ ಇದ್ಯಾ?"

"ಇಲ್ಲ."

ಸುಳ್ಳು ಹೇಳಲಾರದವರಿಗೆ ಇಂಥ ಪ್ರಶ್ನೆ ಹಾಕಿದರೆ ಅರ್ಧ ಗೆದ್ದ ಹಾಗೆ. "ಮುತ್ತಿನಕೊಪ್ಪದಿಂದ?"

"ಎನ್.ಆರ್. ಪುರದ ತನಕ ಇದೆ. ಅಲ್ಲಿಂದ ಈಚೆ ಸಿಕ್ಕಲ್ಲ."

"ಮತ್ತೆ?"

ಅಪ್ಪ ಬಾಗಿಲ ದಾರಂದಕ್ಕೆ ಒರಗಿ ನಿಂತರು. ಊಟವನ್ನೂ ಅವರು ಹೀಗೇ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಮಾಡುತ್ತಿದ್ದರು. ದಿನವಿಡೀ ಕೂತು ಬೇಜಾರಾಗಿರಬೇಕು ಎಂದುಕೊಂಡಿದ್ದೆ. ಆಮೇಲೆ ಹೇಳಿದರು: "ಅಷ್ಟು ದೂರ ಆ ಸೀಟಿನ ಮೇಲೆ ಕೂರಕ್ಕಾಗಲ್ಲ ಮಾರಾಯ್ತಿ. ನೋವಾಗತ್ತೆ. ಕೂರೋ ನೋವು ಎಂಥದು ಅಂತ ನಿಂಗೊತ್ತಿಲ್ಲ."

ಅವರ ಇಡೀ ವಾದದಲ್ಲಿ ಹುರುಳಿದ್ದ ಮಾತು ಅದೊಂದೇ. ಅದನ್ನೇ ನಾನು ಸೊಳ್ಳೆ ಹೊಡೆದ ಹಾಗೆ ಹೊಡೆದು ಹಾಕಿದೆ. "ನೋವಾದ್ರೆ ನಾನೇ ಹೇಳ್ತೀನಲ್ಲ? ಒಂದೇ ಒಂದು ದಿನ ನನ್ ಬಾಯಲ್ಲಿ ನೋವು ಅಂತ ಬಂದ್ರೆ ಸೈಕಲ್ ವಾಪಸ್ ಕಳ್ಸಿ. ಮಾರನೇ ದಿನದಿಂದ ಕೌಂಟರಲ್ಲಿ ಕೂರ್ತೀನಿ."

"ಮಾತಾ?"

"ಮಾತು."

"ಶಿವಮೊಗ್ಗದ ಬಸ್ಸಿನ ಟಾಪಿಗೆ ನಾನೇ ಎತ್ತಿ ಹಾಕ್ತೀನಿ, ನೋಡ್ತಿರು."

ಅಮ್ಮ ಸಾರಿಗೆ ಒಗ್ಗರಣೆ ಹಾಕಿದರು. ನಮ್ಮ ಮನೆಯ ಚರ್ಚೆಗಳಿಗೆ, ಇನ್ನು ಮಾತು ನಿಲ್ಲಿಸಿ ಎನ್ನುವ ಎರಡನೇ ಗಂಟೆ ಅದೇ.

ಷರತ್ತು ಹಾಕಿದ್ದು ಎದುರಾಳಿಯಲ್ಲ, ನಾನು. ಗೆಲ್ಲುವ ಹುಮ್ಮಸ್ಸಿನಲ್ಲಿ ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿ ತುದಿಯನ್ನು ಅವರ ಕೈಗೆ ಕೊಟ್ಟಿದ್ದೆ. ಇದು ಗೊತ್ತಾಗಲು ಒಂದೇ ದಿನ ಸಾಕಾಯಿತು.

ಆ ಸೈಕಲ್ಲಿನ ಸೀಟು ಕೋಳಿಯ ಎದೆಮೂಳೆಯ ಹಾಗೆ ಉದ್ದಕ್ಕೆ, ಕಿರಿದಾಗಿ, ಮುಂದೆ ಚೂಪಾಗಿತ್ತು. ಪೇಟೆ ದಾಟುವ ತನಕ ಏನೂ ಅನ್ನಿಸಲಿಲ್ಲ. ಆಮೇಲೆ ಎರಡು ಕಡೆ ಉರಿ. ಉರಿ ಹೋಗಿ ಜೋಮು. ಜೋಮು ಬಂದರೆ ಸುಖ ಎಂದುಕೊಂಡರೆ, ಇಳಿದು ನಿಂತ ಮೇಲೆ ಅದು ಬಿಡುವಾಗ ಕಣ್ಣಲ್ಲಿ ನೀರು. ಮಳೆಗಾಲ ಮುಗಿದು ರಸ್ತೆಯ ತುಂಬ ಹೊಂಡ ಬಿದ್ದಿದ್ದ ಕಾಲ ಅದು. ಹೊಂಡ ಕಂಡಾಗ ಪೆಡಲಿನ ಮೇಲೆ ನಿಂತುಕೊಳ್ಳಬೇಕು ಎಂಬ ಬುದ್ಧಿ ಬರುವುದಕ್ಕೇ ಎರಡು ವಾರ ಬೇಕಾಯಿತು.

ನಮ್ಮ ಕಡೆ ಯಾರ ಮನೆಗೆ, ಯಾವ ಶಾಲೆಗೆ ಹೋದರೂ ಬಾಗಿಲಲ್ಲೇ ಬರುವ ಮೊದಲ ಮಾತು "ಕೂತ್ಕಳಿ." ಆ ವರ್ಷ ನನಗೆ ಅದಕ್ಕಿಂತ ಭಯಂಕರ ಮಾತು ಇನ್ನೊಂದಿರಲಿಲ್ಲ. ಬಸರೀಕಟ್ಟೆಯ ಹೆಡ್‌ಮೇಷ್ಟರು ಕುರ್ಚಿ ಎಳೆದುಕೊಟ್ಟರೆ ಕಿಟಕಿಯ ಹತ್ತಿರ ಹೋಗಿ ಎಸ್ಟೇಟಿನ ಜೀಪುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಶುಕ್ರವಾರ ರಾತ್ರಿ ಉಳಿದುಕೊಳ್ಳುತ್ತಿದ್ದದ್ದು ಶೃಂಗೇರಿಯ ದೊಡ್ಡಮ್ಮನ ಮನೆಯಲ್ಲಿ. ಅಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಊಟ, ಎರಡನೇ ಸಲ ಅನ್ನ ಬಡಿಸದೆ ಯಾರನ್ನೂ ಏಳಲು ಬಿಡುತ್ತಿರಲಿಲ್ಲ. ದೊಡ್ಡಮ್ಮ ವಾರಕ್ಕೊಮ್ಮೆ ಅಪ್ಪನಿಗೆ ಫೋನು ಮಾಡುವವರು ಬೇರೆ. ಹಾಗಾಗಿ ಮುಖದ ಒಂದು ಗೆರೆಯೂ ಅಲ್ಲಾಡದಂತೆ ಉಣ್ಣಬೇಕಿತ್ತು. "ಈ ಹುಡುಗಿ ಊಟದ ಮೇಲೆ ಎಷ್ಟು ಭಕ್ತಿ ಇಟ್ಕಂಡಿದಾಳೆ ನೋಡಿ, ಮಾತೇ ಆಡಲ್ಲ" ಎನ್ನುತ್ತಿದ್ದರು ಅವರು.

ಮನೆಯಲ್ಲಿ ಅಪ್ಪ ನಾನು ಬಂದ ಕೂಡಲೇ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹೆಂಗಿತ್ತು?"

"ಆರಾಮಿತ್ತು."

ಅವರು ದಾರಂದಕ್ಕೆ ಒರಗಿ ನಿಂತಿರುತ್ತಿದ್ದರು. ನಾನು ಕಟ್ಟೆಗೆ ಒರಗಿ ನಿಂತಿರುತ್ತಿದ್ದೆ. ಕೂರಲು ಜಾಗ ಬೇಕಾದಷ್ಟಿತ್ತು.

ಸೀಟಿನ ವಿಷಯ ಮಾತಾಡಲು ಪೇಟೆಯಲ್ಲಿ ಇದ್ದವರು ಒಬ್ಬರೇ, ಸೈಕಲ್ ಶಾಪಿನವರು. ಅಪ್ಪನ ಓರಗೆಯವರು, ಗೆಳೆಯರು. ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ ಅಪ್ಪನ ಜೊತೆ ಚಾ ಕುಡಿಯುತ್ತಿದ್ದರು, ಕಂಕುಳಲ್ಲಿ ಗಾಳಿ ಹೊಡೆಯುವ ಪಂಪು ಇಟ್ಟುಕೊಂಡು. ಪಂಪು ಹಿಡಿದು ಚಾ ಕುಡಿಯಲು ಹೋಗುವವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಕಸುಬಿನವರ ಚಾಳಿ ಎಂದು ಬಿಟ್ಟಿದ್ದೆ.

"ಎಂತಾಯ್ತು ಮಗ? ಪಂಚರಾ?"

"ಅಲ್ಲ ಮಾಮ. ಸೀಟು ಸರಿ ಇಲ್ಲ."

"ಹರಿದಿದ್ಯಾ?"

"ಇಲ್ಲ."

"ಅಲ್ಲಾಡ್ತದಾ?"

"ಇಲ್ಲ."

"ಮತ್ತೆಂತ ತೊಂದ್ರೆ?"

ಮರಣದಂಡನೆ ಇರಬೇಕೋ ಬೇಡವೋ ಎಂದು ಮುನ್ನೂರು ಜನರ ಎದುರು ಮಾತಾಡಿದ್ದವಳು ನಾನು. ನೋವಿರುವ ಜಾಗಕ್ಕೆ ನಮ್ಮೂರಿನ ಮಕ್ಕಳು ದಿನಕ್ಕೆ ಹತ್ತು ಸಲ ಕೂಗುವ ಒಂದು ಸಣ್ಣ ಶಬ್ದ ಬಾಯಿಂದ ಹೊರಡಲಿಲ್ಲ. "ಅನನುಕೂಲ," ಎಂದೆ.

"ಯಾರಿಗೆ?"

"ನಂಗೆ."

ಅವರು ತಟ್ಟನೆ ಕೆಳಗೆ ನೋಡಿ ಸ್ಪ್ಯಾನರ್ ಹುಡುಕತೊಡಗಿದರು. ಸ್ಪ್ಯಾನರ್ ಅವರ ಕೈಯಲ್ಲೇ ಇತ್ತು.

"ಅಪ್ಪಂಗೆ ಹೇಳ್ಬೇಡಿ ಮಾಮ."

"ನಾನ್ಯಾಕೆ ಹೇಳ್ಲಿ? ಈ ಅಂಗಡೀಲಿ ಎಷ್ಟೋ ಜನರ ಕಷ್ಟ ಇದೆ. ಯಾರದೂ ಹೊರಗೆ ಹೋಗಿಲ್ಲ."

ಅವರು ಸೀಟಿನ ಮೂತಿಯನ್ನು ಕೆಳಗೆ ಬಗ್ಗಿಸಿಕೊಟ್ಟರು. ಚೂಪು ಚುಚ್ಚುವುದು ನಿಂತಿತು, ಸರಿ. ಆದರೆ ಇಳಿಜಾರಿನ ಜಾರುಬಂಡೆಯ ಮೇಲೆ ಕೂತ ಹಾಗೆ ನಾನು ಮುಂದಕ್ಕೆ ಜಾರುತ್ತಲೇ ಇದ್ದೆ. ಮೈಭಾರವನ್ನೆಲ್ಲ ಕೈ ಹೊತ್ತು, ಮುತ್ತಿನಕೊಪ್ಪ ಮುಟ್ಟುವಷ್ಟರಲ್ಲಿ ಬಳಪ ಹಿಡಿಯಲು ಬೆರಳು ಬರಲಿಲ್ಲ. ಮತ್ತೆ ಮಟ್ಟ ಮಾಡಿಸಿದೆ. ಸೀಟನ್ನು ಎರಡು ಬೆರಳು ಮೇಲೆತ್ತಿಸಿದೆ. ಮಂಡಿ ನೋವು ಹೋಯಿತು, ಅಸಲು ನೋವು ಹೋಗಲಿಲ್ಲ.

ಆಗ ನಾನು ತರ್ಕಕ್ಕೆ ಕೂತೆ, ಅಂದರೆ ನಿಂತೆ. ಸೀಟು ಗಟ್ಟಿ. ಗಟ್ಟಿಯಿಂದ ನೋವು. ಆದ್ದರಿಂದ ಮೆತ್ತಗಾದಷ್ಟೂ ನೋವು ಕಡಿಮೆ. ಇದರಲ್ಲಿ ತಪ್ಪು ಹುಡುಕುವವರು ಯಾರಿದ್ದಾರೆ? ಒಂದು ಭಾನುವಾರ ಶಿವಮೊಗ್ಗಕ್ಕೆ ಹೋಗಿ, ಒಳಗೆ ಲೋಳೆಯಂಥದ್ದು ತುಂಬಿದ ಒಂದು ಸೀಟಿನ ಕವರ್ ಕೊಂಡೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಅತ್ಯಂತ ಮೆತ್ತಗಿದ್ದದ್ದನ್ನು ಆರಿಸಿದೆ. ಹೆಬ್ಬೆರಳಿನ ಮೇಲೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ನನ್ನಂಥ ಸಂದೇಹವಾದಿಗೂ ಹೊಳೆಯಲಿಲ್ಲ.

ಆ ಶುಕ್ರವಾರ ಮೊದಲ ಅರ್ಧ ಗಂಟೆ ಸ್ವರ್ಗ. ಶೃಂಗೇರಿ ಸಮೀಪಿಸುವಷ್ಟರಲ್ಲಿ ಮೆತ್ತನೆಯದೆಲ್ಲ ಅಕ್ಕಪಕ್ಕಕ್ಕೆ ಸರಿದು, ನಡುವೆ ದಿಂಡಿನ ಹಾಗೆ ಎದ್ದು, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತತೊಡಗಿತು. ಸೊಂಟದ ಕೆಳಗೆ ನಾನು ಇದ್ದೇನೋ ಇಲ್ಲವೋ ಗೊತ್ತಾಗದ ಸ್ಥಿತಿಯಲ್ಲಿ ಶಾಲೆ ಮುಟ್ಟಿದೆ. ಅವತ್ತಿನ ಚರ್ಚೆಯ ವಿಷಯ, ಸುಳ್ಳಲ್ಲ, "ಕಷ್ಟಪಡದೆ ಸುಖವಿಲ್ಲ." ಪರವಾಗಿ ಮಾತಾಡಿದವರೆಲ್ಲರಿಗೂ ಕಡಿಮೆ ಅಂಕ ಕೊಟ್ಟೆ.

ಮುಂದಿನ ವಾರ ಶಾಪಿನವರು ಲೇಡೀಸ್ ಸೈಕಲ್ಲಿನ ಅಗಲ ಸೀಟು ಹಾಕಿಕೊಟ್ಟರು, ಕೆಳಗೆ ಸ್ಪ್ರಿಂಗ್ ಇರುವುದು. ಪೇಟೆಯಿಂದ ಪೇಟೆಯೊಳಗೆ ತರಕಾರಿಗೆ ಹೋಗಿ ಬರಲು ಅದು ಉತ್ತಮ. ಗುಡ್ಡ ಹತ್ತುವಾಗ ತುಳಿದ ಶಕ್ತಿಯಲ್ಲಿ ಅರ್ಧವನ್ನು ಸ್ಪ್ರಿಂಗೇ ತಿಂದು ಹಾಕುತ್ತಿತ್ತು. ಅಗಲದ ಮೂತಿ ಎರಡೂ ತೊಡೆಯ ಒಳಬದಿಯನ್ನು ಉಜ್ಜಿ ಉಜ್ಜಿ ಚರ್ಮ ಸುಲಿಯಿತು. ಅದನ್ನೂ ತೆಗೆಸಿ, ಹಳೇ ಸೀಟಿನ ಮೇಲೆ ಮತ್ತೆ ಆ ಲೋಳೆ ಕವರನ್ನೇ ಹಾಕಿಕೊಂಡೆ.

ಸೀಟಿನ ನೋವಿಗೆ ಮದ್ದು ಹುಡುಕಲು ಸೈಬರ್ ಸೆಂಟರಿಗೂ ಹೋಗಿದ್ದೆ. ಹಿಂದಿನ ಕುರ್ಚಿಯಲ್ಲಿ ಅಪ್ಪನ ಬಸ್ಸಿನ ಕಂಡಕ್ಟರು ರಿಸಲ್ಟ್ ನೋಡಲು ತಂಗಿಯನ್ನು ಕರೆದುಕೊಂಡು ಬಂದು ಕೂತಿದ್ದರು. ನಾನು ಅರ್ಧ ಗಂಟೆ ಹವಾಮಾನ ನೋಡಿ ಎದ್ದು ಬಂದೆ.

ಹೀಗೆ ಎಲ್ಲ ಬಾಗಿಲೂ ಮುಚ್ಚಿಕೊಂಡವು. ನೋವು ಎಂದರೆ ಸೈಕಲ್ ಹೋಗುತ್ತದೆ. ಸೈಕಲ್ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಜಾಲರಿಯ ಹಿಂದಿನ ಕುರ್ಚಿ. ನೋವು ಎನ್ನದಿದ್ದರೆ ನೋವು. ಬೆಳಗಿನ ಜಾವ ಎಚ್ಚರವಾದಾಗ ಹಾಸಿಗೆಯಲ್ಲಿ ಬೋರಲಾಗಿ ಮಲಗಿ ಇವತ್ತು ಯಾವ ವಾರ ಎಂದು ಲೆಕ್ಕ ಹಾಕುತ್ತಿದ್ದೆ. ಮಂಗಳವಾರ, ಗುರುವಾರಗಳಂದು ಅಳುವಷ್ಟು ಸಂತೋಷವಾಗುತ್ತಿತ್ತು.

ಅಡಕೆ ಸುಲಿಯುವ ಸುಗ್ಗಿ ಬಂತು. ಮುತ್ತಿನಕೊಪ್ಪದ ಶಾಲೆಯಿಂದ ತುಸು ಈಚೆಗೆ ರಸ್ತೆ ಬದಿಯ ಚಪ್ಪರದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಒಬ್ಬೊಬ್ಬರ ಮುಂದೂ ಕಾಲಿನಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ, ಕೆಳಗೆ ಒಂದೊಂದು ಮಣೆ. ಅವರಲ್ಲಿ ಒಬ್ಬಾಕೆ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ, ಕೂಲಿಗೆ ಸುಲಿಯಲು ಬರುವವರು. ಪ್ರತಿ ಬುಧವಾರ ನನ್ನನ್ನು ತಡೆದು ನಿಲ್ಲಿಸಿ ಕಾಫಿ ಕೊಡಿಸುತ್ತಿದ್ದರು.

"ಟೀಚ್ರೆ, ಬನ್ನಿ, ಕೂತ್ಕಳಿ."

"ಇರ್ಲಿ, ನಿಂತೇ ಕುಡೀತೀನಿ."

"ವಾರ ವಾರವೂ ಇದೇ ಹೇಳ್ತೀರಿ. ನಮ್ ಹುಡುಗಿನೂ ಹೇಳ್ತಾಳೆ, ಟೀಚರ್ ಕೂರೋದೇ ಇಲ್ಲ ಅಂತ. ಎಂತ, ಕುಂಡಿ ನೋವಾ?"

ಸಾಲಿಗೆ ಸಾಲೇ ನಕ್ಕಿತು. ಒಬ್ಬರ ಕೈಯೂ ನಿಲ್ಲಲಿಲ್ಲ.

ಅಪ್ಪ ಎರಡು ಊರು ಆಚೆ ಇದ್ದರು. ಆದರೂ ಹೌದು ಎನ್ನಲು ಬಾಯಿ ಬರಲಿಲ್ಲ. "ನೋವು ಅಂತ ಅಲ್ಲ..." ಎಂದೆ.

"ಮತ್ತೆಂತ, ಸುಖವಾ?"

ಆಕೆ ಎದ್ದು ಬಂದು ನನ್ನ ಸೈಕಲ್ಲಿನ ಸೀಟನ್ನು ಮುಷ್ಟಿಯಿಂದ ಒತ್ತಿದರು. ಮುಷ್ಟಿ ಒಳಗೆ ಇಳಿಯಿತು. "ಅಯ್ಯ, ಇದೆಂತ ಇದು, ಕೊಳೆತ ಹಲಸಿನ ಹಣ್ಣಿನ ಹಾಗಿದೆ! ಇದ್ರ ಮೇಲೆ ಕೂತ್ಕಂಡು ಕೊಪ್ಪದಿಂದ ಬರ್ತೀರಾ?"

"ಮೆತ್ತಗಿದ್ರೆ ಒಳ್ಳೇದಲ್ವಾ?"

"ಮೆತ್ತನ್ನದ್ರಲ್ಲಿ ಮಲಗ್ಬೋದು ಟೀಚ್ರೆ. ಕೂರಕ್ಕಾಗಲ್ಲ. ನಾವು ಬೆಳಿಗ್ಗೆ ಕೂತ್ರೆ ಕತ್ಲೆ ತನಕ ಏಳಲ್ಲ. ಯಾರಾದ್ರೂ ದಿಂಬು ಇಟ್ಕಂಡಿದಾರಾ ನೋಡಿ."

ನಿಜ, ಎಲ್ಲರ ಕೆಳಗೂ ಬರಿ ಮರ. ಆದರೆ ಅಷ್ಟಕ್ಕೇ ಒಪ್ಪಿದರೆ ಮೂರು ವರ್ಷದ ತರಬೇತಿಗೆ ಅವಮಾನ. "ಅದು ಮಣೆಯಿಂದ ಅಲ್ಲ. ನಿಮಗೆ ಅಭ್ಯಾಸ ಆಗಿದೆ. ಅಭ್ಯಾಸ ಆದ್ರೆ ಯಾವುದ್ರ ಮೇಲಾದ್ರೂ ಕೂರ್ಬೋದು," ಎಂದೆ.

ಆಕೆ ಪಕ್ಕದವರ ಕಡೆ ಬೆರಳು ತೋರಿಸಿದರು. "ಹೌದಾ? ಇವ್ಳು ನನ್ ಜೊತೆಗೇ ಸುಲಿಯಕ್ಕೆ ಬಂದೋಳು, ಇಪ್ಪತ್ತು ವರ್ಷ ಆಯ್ತು. ಇವ್ಳ ಮಣೆ ಮೇಲೆ ನಾನು ಕೂತು, ನನ್ ಮಣೆ ಮೇಲೆ ಇವ್ಳು ಕೂತ್ರೆ, ಒಂದು ಗಂಟೇಲಿ ಇಬ್ರೂ ಎದ್ದು ಓಡ್ತೀವಿ. ಅಭ್ಯಾಸ ಇಬ್ರಿಗೂ ಇದ್ಯಲ್ಲ ಟೀಚ್ರೆ, ಮತ್ತೆ ಯಾಕೆ?"

ತೀರ್ಪುಗಾರರು ಇದ್ದಿದ್ದರೆ ಅಲ್ಲೇ ಗಂಟೆ ಬಾರಿಸುತ್ತಿದ್ದರು.

ಮಣೆಯನ್ನು ಅವರು ಒಬ್ಬರಿಗೊಬ್ಬರು ಕೊಡುವುದಿಲ್ಲವಂತೆ. ಯಾವ ತೋಟಕ್ಕೆ ಕರೆದರೂ ಕತ್ತಿ ಧಣಿಗಳದ್ದಾದರೂ ಆದೀತು, ಮಣೆ ತಮ್ಮದೇ ಆಗಬೇಕು; ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಹೊ‌ಸಬರು ಯಾರಾದರೂ ಸೇರಿದರೆ ಮೊದಲು ಅವರ ಅಳತೆ. ನನ್ನದನ್ನೂ ತೆಗೆದರು. ಅಡಕೆ ಬೇಯಿಸುವ ಒಲೆಯ ಬೂದಿಯನ್ನು ನೀರು ಚಿಮುಕಿಸಿ ತಟ್ಟಿ, ಮೇಲೆ ಗೋಣಿ ಹಾಸಿ, "ಕೂತ್ಕಳಿ" ಎಂದರು. ನಾನು ಕೂತೆ. ಎದ್ದೆ. ಗೋಣಿ ತೆಗೆದಾಗ ಬೂದಿಯಲ್ಲಿ ಎರಡು ಗುಳಿ ಬಿದ್ದಿದ್ದವು. ಒಂದರಿಂದ ಇನ್ನೊಂದಕ್ಕೆ ಆಕೆಯ ಬೆರಳಿನಲ್ಲಿ ಆರು ಬೆರಳು. ಆಮೇಲೆ ನನ್ನ ಸೀಟಿನ ಕವರ್ ಎತ್ತಿ, ಹಿಂಬದಿಯ ಮಟ್ಟಸ ಜಾಗ ಅಳೆದರು. ನಾಲ್ಕು ಬೆರಳು.

"ನಿಮ್ ಕೂರೋ ಎಲುಬು ಎರಡೂ ಹೊರಗೆ ನೇತಾಡ್ತಾ ಇವೆ. ಭಾರ ಎಲ್ಲ ನಡುವಿನ ಮಾಂಸದ ಮೇಲೆ. ಅದು ಕೂರಕ್ಕೆ ಇರೋದಾ?" ಆಕೆ ತಮ್ಮ ಮಣೆ ತಿರುಗಿಸಿ ತೋರಿಸಿದರು; ನಡುವೆ ಒಂದು ಸಣ್ಣ ತಗ್ಗು ಕೆತ್ತಿತ್ತು. "ಎಲುಬಿಗೆ ಗಟ್ಟಿ ಕೊಡಿ, ನಡುವೆ ಖಾಲಿ ಬಿಡಿ. ಅಷ್ಟೆ. ಇದಕ್ಕೆ ಕಾಲೇಜಿಗೆ ಹೋಗ್ಬೇಕಾ?"

ಮಾರನೇ ದಿನ ಸೈಕಲ್ ಶಾಪಿನ ಮಾಮನಿಗೆ ಆರು ಬೆರಳಿನ ಅಳತೆಯ ದಾರ ಕೊಟ್ಟೆ. ಎಲ್ಲಿಯ ಅಳತೆ ಎಂದು ಅವರು ಕೇಳಲಿಲ್ಲ. ಕಂಪನಿಯ ಪುಸ್ತಕ ತೆಗೆದು ಇಬ್ಬರೂ ನೋಡಿದೆವು. ಒಂದಿತ್ತು: ಹಿಂದೆ ಅಗಲ, ಮುಂದೆ ಸಪೂರ, ಗಟ್ಟಿ, ನಡುವೆ ಉದ್ದಕ್ಕೆ ತಗ್ಗು.

"ಶಿವಮೊಗ್ಗದ ಡೀಲರು ಬೆಂಗಳೂರಿಂದ ತರಿಸಿ ಬಸ್ಸಿಗೆ ಹಾಕ್ತಾರೆ," ಎಂದರು ಮಾಮ. ಎಂದವರು ಹಾಗೇ ನನ್ನ ಮುಖ ನೋಡಿದರು.

ಬಸ್ಸಿಗೆ ಹಾಕಿದ್ದು ಕೊಪ್ಪದಲ್ಲಿ ಎಲ್ಲಿ ಇಳಿಯುತ್ತದೆ? ಅಪ್ಪನ ಮೇಜಿನ ಮೇಲೆ. ಬೇರೆ ದಾರಿಯೇ ಇಲ್ಲ. ಅಂಗಡಿಯ ಹೆಸರಿಗೇ ಬರಲಿ ಎಂದು ಮಾಮ ಬರೆಸಿದರು. ಆದರೂ ಇಡೀ ಪೇಟೆಯಲ್ಲಿ ಅಂಥ ಸೀಟು ಕೂರುವ ಸೈಕಲ್ಲು ಒಂದೇ ಇತ್ತು, ಅದು ಶುಕ್ರವಾರ ಬಿಟ್ಟರೆ ದಿನಾ ರಾತ್ರಿ ಏಜೆಂಟರ ಮನೆಯ ಜಗಲಿಯಲ್ಲೇ ನಿಲ್ಲುತ್ತಿತ್ತು.

ಅದು ಬಂದದ್ದು ಒಂದು ಶನಿವಾರ. ನಾನು ಶೃಂಗೇರಿಯಿಂದ ವಾಪಸು ಬರುತ್ತಿದ್ದೆ. ಕವರನ್ನು ಕಿತ್ತೆಸೆದಿದ್ದರಿಂದ ಬರಿ ಹಳೇ ಸೀಟಿನ ಮೇಲೆ ಬೆಳಿಗ್ಗೆಯಿಂದ ತುಳಿದಿದ್ದೆ. ಕೊನೆಯ ಏರನ್ನು ಪೂರಾ ನಿಂತೇ ಹತ್ತಿದ್ದೆ. ಬಸ್ ಸ್ಟ್ಯಾಂಡಿನ ಎದುರು ಅಪ್ಪ ಕೈ ಮಾಡಿ ಕರೆದರು. ಮೇಜಿನ ಮೇಲೆ ಪೇಪರು ಸುತ್ತಿ ದಾರ ಕಟ್ಟಿದ ಪಾರ್ಸೆಲ್ಲು. ಪೇಪರು ಹರಿದು ಸೀಟಿನ ಮೂತಿ ಹೊರಗೆ ಇಣುಕುತ್ತಿತ್ತು.

"ಇದು ನಿಂದಾ?"

"ಶಾಪಿನ ಮಾಮಂದು. ಹೆಸರು ಬರ್ದಿದ್ಯಲ್ಲ."

"ಹೆಸರು ಓದಕ್ಕೆ ನಂಗೂ ಬರ್ತದೆ. ನಿಂದಾ ಅಂತ ಕೇಳ್ದೆ."

ಅಷ್ಟರಲ್ಲಿ ಶೃಂಗೇರಿ ಬಸ್ಸು ಒಳಗೆ ಬಂತು. "ಇದನ್ನ ನೋಡ್ಕಂಡಿರು, ಬಂದೆ," ಎಂದು ಅಪ್ಪ ಹೋದರು. "ಶೃಂಗೇರಿ, ಶೃಂಗೇರಿ, ಶೃಂಗೇರಿ" ಕೇಳಿಸಿತು. ನಾನು ಸೈಕಲ್ಲನ್ನು ಕಂಬಕ್ಕೆ ಒರಗಿಸಿ ನಿಂತೆ. ಪಕ್ಕದಲ್ಲಿ ಬುಕಿಂಗ್ ಕೌಂಟರು. ಜಾಲರಿಯ ಹಿಂದೆ ಖಾಲಿ ಕುರ್ಚಿ. ಇನ್ನು ನಿಲ್ಲಲಾರೆ ಅನ್ನಿಸಿ ಅಪ್ಪನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಸ್ಟೂಲಿನ ಮೇಲೆ ಬೇರೆಯವರು ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕೆಂಪು ಟವೆಲ್ಲಿನ ಕೆಳಗೆ ಏನೋ ಗಾಳಿ ತುಂಬಿದ್ದು ಇತ್ತು. ದುಂಡಗೆ, ನಡುವೆ ಖಾಲಿ. ತೊಡೆಯ ಹತ್ತಿರ ಒಂದು ಸಣ್ಣ ಕಡ್ಡಿ ಚುಚ್ಚಿತು. ಟವೆಲ್ಲಿನ ಮೂಲೆ ಎತ್ತಿ ನೋಡಿದೆ. ಮಕ್ಕಳ ಸೈಕಲ್ಲಿನ ಚಿಕ್ಕ ಟ್ಯೂಬು. ಮೂರು ಕಡೆ ಪ್ಯಾಚು, ಸೈಕಲ್ ಶಾಪಿನ ಮಾಮ ಹಾಕುವ ಅದೇ ಗುಂಡನೆಯ ಪ್ಯಾಚು.

ಕಂಕುಳಲ್ಲಿ ಪಂಪು ಹಿಡಿದು ಚಾಕ್ಕೆ ಬರುವುದು. ನಿಂತು ಉಣ್ಣುವುದು. ಮದುವೆ ಮನೆಗಳಲ್ಲಿ ಪಂಕ್ತಿಗೆ ಕರೆದರೆ "ನಾನು ಬಡಿಸ್ತೀನಿ" ಎಂದು ಎದ್ದು ಹೋಗುವುದು. ಕೂರೋ ನೋವು ನಿಂಗೊತ್ತಿಲ್ಲ. ಅಪ್ಪನಿಗೂ ನೋವಿತ್ತು, ಎಷ್ಟು ವರ್ಷದಿಂದಲೋ.

ಎದುರಾಳಿಯನ್ನು ಒಂದೇ ಮಾತಿನಲ್ಲಿ ಮುಗಿಸುವಂಥ ಅಸ್ತ್ರ ಚರ್ಚಾಸ್ಪರ್ಧೆಯಲ್ಲಿ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಈಗ ಅದರ ಮೇಲೆಯೇ ಕೂತಿದ್ದೆ. "ನೀವೂ ಮುಚ್ಚಿಟ್ಟಿದೀರಲ್ಲ?" ಎಂದರೆ ಸಾಕು, ಷರತ್ತು, ಸೈಕಲ್ಲು, ಕೌಂಟರು ಎಲ್ಲ ಅಲ್ಲಿಗೆ ತೀರುತ್ತಿತ್ತು. ವಾಕ್ಯ ನಾಲಿಗೆಯ ತುದಿಗೂ ಬಂದಿತ್ತು.

ಅಪ್ಪ ತಿರುಗಿ ಬಂದರು. ನಾನು ಎಲ್ಲಿ ಕೂತಿದ್ದೇನೆಂದು ನೋಡಿದರು. ಎತ್ತಿದ್ದ ಟವೆಲ್ಲಿನ ಮೂಲೆ ನೋಡಿದರು. ಮುಖ ಆ ಕಡೆ ಮಾಡಿದರು. ಆ ಮುಖ ನನಗೆ ಗೊತ್ತಿತ್ತು. ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಹಾಕಿಕೊಳ್ಳುತ್ತಿದ್ದ ಮುಖ.

"ಅಪ್ಪ, ಸೀಟು ನಂದೇ," ಎಂದೆ. "ನೋವಿದೆ."

"ಎಷ್ಟು ದಿನದಿಂದ?"

"ಮೊದಲ್ನೇ ದಿನದಿಂದ."

ಶಿವಮೊಗ್ಗದ ಬಸ್ಸು ನಮ್ಮ ಎದುರಿಗೇ ನಿಂತಿತ್ತು, ಇಂಜಿನ್ ಚಾಲೂ ಇಟ್ಟುಕೊಂಡು. ಟಾಪಿನ ಮೇಲೆ ಕಂಡಕ್ಟರು ಮೂಟೆ ಕಟ್ಟುತ್ತಿದ್ದರು. ಸೈಕಲ್ಲು ಕಂಬಕ್ಕೆ ಒರಗಿತ್ತು. ಎತ್ತಿ ಹಾಕಲು ಎರಡು ನಿಮಿಷದ ಕೆಲಸ.

"ಮಾತು ಮಾತೇ," ಎಂದೆ. "ಹಾಕಿ ಟಾಪಿಗೆ."

ಅಪ್ಪ ಬಸ್ಸನ್ನು ನೋಡಿದರು. ಸೈಕಲ್ಲನ್ನು ನೋಡಿದರು. ಆಮೇಲೆ ಹೇಳಿದರು: "ಶಿವಮೊಗ್ಗದ ಬಸ್ ಹೋಯ್ತು."

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕರೊಬ್ಬರು ಗಾಬರಿಯಾದರು. "ಹೋಯ್ತಾ ಏಜೆಂಟ್ರೆ? ಹಾಗಾದ್ರೆ ಇದ್ಯಾವ್ದು ಮಾರಾಯ್ರೆ?"

"ನಿಮ್ಗೆ ಹೋಗಿಲ್ಲ. ಹತ್ತಿ ಹತ್ತಿ."

ಬಸ್ಸು ನಮ್ಮ ಮುಖಕ್ಕೆ ಹೊಗೆ ಬಿಟ್ಟು ಹೋಯಿತು. ಅಪ್ಪ ಪಾರ್ಸೆಲ್ಲಿನ ದಾರ ಬಿಚ್ಚಿದರು. ಸೀಟನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ನಡುವಿನ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ಉದ್ದಕ್ಕೆ ಎಳೆದರು.

"ನಡುವೆ ಖಾಲಿ ಬಿಟ್ಟಿದಾರೆ."

"ಹೂಂ."

"ಅದು ಬೇಕು."

ಆ ಸೀಟು ಪವಾಡವನ್ನೇನೂ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಹತ್ತು ದಿನ ಎಲುಬಿನ ಜಾಗ ಮುಟ್ಟಿದರೆ ಉರಿ. ಆಮೇಲೆ ಮೆಲ್ಲಗೆ ಅದು ಇರುವುದೇ ಮರೆತುಹೋಯಿತು. ಬಸರೀಕಟ್ಟೆಯ ದಾರಿ ಅಷ್ಟೇ ಉದ್ದವಿತ್ತು, ಹೊಂಡಗಳು ಅಲ್ಲೇ ಇದ್ದವು. ವರ್ಷದ ಕೊನೆಯ ತರಗತಿಯವರೆಗೂ ಹೋಗಿ ಬಂದೆ. ಟ್ಯೂಬಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನನಗೆ ಇನ್ನೂ ಎಷ್ಟೋ ತಿಂಗಳು ವಾದ ಮಾಡಬೇಕಾಯಿತು.

ಅವತ್ತು ಮಾತ್ರ ಅಪ್ಪ ಸೀಟನ್ನು ನನ್ನ ಕೈಗೆ ಕೊಟ್ಟು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಸುತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು.

"ಏಳು ಈಗ. ನಂಗೆ ಕೂರ್ಬೇಕು."

ನಾನು ಮೆಲ್ಲಗೆ ಎದ್ದು, ಟವೆಲ್ಲಿನ ಮೂಲೆಯನ್ನು ಮೊದಲಿನಂತೆ ಸರಿಯಾಗಿ ಮುಚ್ಚಿದೆ.